ಐವತ್ತೈದು ಡೆಸಿಬೆಲ್

ಮಾ ಜೊಂಗ್‌ಪಿಲ್ ಎಂಬ ಸಾಧು ಮನುಷ್ಯನ ಬಾಯಿಂದ ‘ಐವತ್ತೈದು ಡೆಸಿಬೆಲ್’ ಎಂಬ ಎರಡೇ ಎರಡು ಪದ ಹೊರಬಿದ್ದದ್ದು ಎಲ್ಲಕ್ಕೂ ಮೂಲವಾಯಿತು.

ದೇಜನ್ ನಗರದ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು, ಬಿಡುವಿನಲ್ಲಿ ಮನೆಬಳಕೆಯ ಯಂತ್ರಗಳನ್ನು ವಿಮರ್ಶಿಸಿ ವಿಡಿಯೊ ಹಾಕುತ್ತಿದ್ದ. ನೋಡುಗರು ಮುನ್ನೂರ ನಲವತ್ತು ಮಂದಿ. ಅದರಲ್ಲಿ ಅರ್ಧ ಹೆಂಡತಿಯ ಕಡೆಯ ನೆಂಟರು. ಹೋದ ವಾರ ಹೊಸ ವ್ಯಾಕ್ಯೂಮ್ ಕ್ಲೀನರ್ ತೋರಿಸುತ್ತ, “ಸದ್ದು ಬರೀ ಐವತ್ತೈದು ಡೆಸಿಬೆಲ್. ಪಕ್ಕದಲ್ಲಿ ಮಗು ಮಲಗಿದ್ರೂ ಏಳಲ್ಲ” ಎಂದುಬಿಟ್ಟಿದ್ದ.

ಶನಿವಾರ ಬೆಳಗ್ಗೆ ಸಹೋದ್ಯೋಗಿ ತಾಕ್ ಫೋನ್ ಮಾಡಿದ. ಹಿನ್ನೆಲೆಯಲ್ಲಿ ಮಗುವಿನ ಚೀರಾಟ.

“ಮಾ ಅಣ್ಣ, ಕೇಳಿಸ್ತಾ? ನಿಮ್ಮ ಮಾತು ನಂಬಿ ಅದನ್ನೇ ತಗೊಂಡೆ. ಸ್ವಿಚ್ ಒತ್ತಿದ್ದೇ ತಡ, ಮಗು ಎದ್ದು ಕೂತ್ಕೊಳ್ತು. ಮಗು ಮಾತು ಬಿಡಿ, ನಮ್ಮಜ್ಜಿನೂ ಎದ್ದುಬಿಟ್ರು. ಅವರಿಗೆ ಕಿವೀನೇ ಕೇಳ್ಸಲ್ಲ! ಯಾವುದ್ರಲ್ಲಿ ಅಳೆದ್ರಿ ನೀವು?”

ಜೊಂಗ್‌ಪಿಲ್ ಅಳೆದಿರಲೇ ಇಲ್ಲ. ಡಬ್ಬದ ಮೇಲಿದ್ದುದನ್ನು ಓದಿದ್ದ. ಈಗ ಕನ್ನಡಕ ಏರಿಸಿ ನೋಡಿದರೆ, ಅಂಕಿಯ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಅತಿ ಕಡಿಮೆ ವೇಗದಲ್ಲಿ’ ಎಂದಿತ್ತು. ಅವನ ಮುಖ ಉಪ್ಪು ಸವರಿಟ್ಟ ಎಲೆಕೋಸಿನಂತೆ ಬಾಡಿತು.

ತಪ್ಪನ್ನು ಇವತ್ತೇ ತಿದ್ದಬೇಕೆಂದು ಹಟ ಹುಟ್ಟಿತು. ಹೆಂಡತಿ ಮಗಳು ಹಾರಿನ್‌ಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಫ್ರಿಜ್ ಆರಿಸಿದ. ಗೋಡೆ ಗಡಿಯಾರದ ಸೆಲ್ ತೆಗೆದ. ಯಂತ್ರವನ್ನು ಬರಿನೆಲದ ಮೇಲೆ, ಚಾಪೆಯ ಮೇಲೆ, ಮಂಚದಡಿ ಒಂದು ಗಂಟೆ ಓಡಿಸಿದ. ಫೋನಿನ ಮಾಪಕ ಒಮ್ಮೆ ಐವತ್ತೆಂಟು ಎಂದಿತು, ಒಮ್ಮೆ ಎಂಬತ್ತಮೂರು. ಅವನು ಕೆಮ್ಮಿದಾಗ ತೊಂಬತ್ತು.

ಅಷ್ಟರಲ್ಲಿ ಯಾರೋ ಬಾಗಿಲು ಧಡಧಡ ಬಡಿದರು. ಕೆಳಮನೆಯ ಯಂಜು ಅಮ್ಮ. ಮೇಲಿನ ಸದ್ದು ತಡೆಯಲಾಗುತ್ತಿಲ್ಲವೆಂದು ಎರಡು ವರ್ಷದಿಂದ ವಾರಕ್ಕೊಮ್ಮೆ ಹತ್ತಿ ಬರುತ್ತಿದ್ದವಳು. “ಅದು ನಮ್ಮನೇದಲ್ಲ ಬಿಡಿ” ಎಂದು ಅವನು ಪ್ರತಿ ಸಲವೂ ಸಾಗಹಾಕುತ್ತಿದ್ದ.

“ಹಾರಿನ್ ಅಪ್ಪ! ಏನ್ರೀ ಇದು, ಮನೆಯೊಳಗೆ ವಿಮಾನ ಇಳಿಸ್ತಿದೀರಾ?”

“ತಪ್ಪು ತಿಳ್ಕೋಬೇಡಿ ಯಂಜು ಅಮ್ಮ. ವಿಡಿಯೊಗೋಸ್ಕರ ಸದ್ದು ಅಳೀತಿದೀನಿ. ಈ ಫೋನು ನೋಡಿದ್ರೆ ಗಳಿಗೆಗೊಂದು ಹೇಳುತ್ತೆ.”

ಆಕೆಯ ಸಿಟ್ಟು ಹಾಲಿನ ಉಕ್ಕಿನಂತೆ ಇಳಿದುಹೋಯಿತು. “ಫೋನಲ್ಲಿ ಯಾರಾದ್ರೂ ಅಳೀತಾರಾ? ಇರಿ, ನನ್ಹತ್ರ ಮೀಟರ್ ಇದೆ. ಪರೀಕ್ಷೆ ಮಾಡಿ ಮೊಹರು ಹಾಕಿರೋದು.”

ಅವಳ ಬಳಿ ಶಬ್ದ ಅಳೆಯುವ ಮೀಟರ್ ಯಾಕಿದೆ ಎಂದು ಕೇಳಲು ಜೊಂಗ್‌ಪಿಲ್‌ಗೆ ಹೊಳೆಯಲಿಲ್ಲ. ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಸಾಕ್ಷಿ ಇದ್ದರೆ ಜನ ನಂಬುತ್ತಾರೆಂದು ಆಕೆ ನಿವಾಸಿಗಳ ಸಂಘದ ಅಧ್ಯಕ್ಷ ಸೊಕ್ ಅವರನ್ನೂ ಕರೆತಂದಳು. ಅವರು ಟೇಪು ಹಿಡಿದು ಮೊಣಕಾಲೂರಿ, “ಒಂದು ಮೀಟರು ದೂರ ಇಟ್ಟು ಅಳೀಬೇಕು ಅಂದ್ರೆ, ಮೋಟರಿಂದಲೋ, ಹಿಡಿಯಿಂದಲೋ? ಮೊದಲು ಅದು ತೀರ್ಮಾನ ಆಗ್ಲಿ” ಎಂದರು. ತೀರ್ಮಾನಕ್ಕೆ ಅರ್ಧ ಗಂಟೆ ಹಿಡಿಯಿತು. ಪೂರ್ತಿ ವೇಗದಲ್ಲಿ ಎಪ್ಪತ್ತೊಂದು ಬಂತು.

“ನಮ್ಮ ಮಲಗೋ ಕೋಣೇಲೂ ಅಳೆದ್ರೆ ಇನ್ನೂ ಚೊಕ್ಕ ಆಗಲ್ವಾ?” ಎಂದಳು ಯಂಜು ಅಮ್ಮ.

“ಎಂಥಾ ಯೋಚನೆ! ಇದನ್ನ ಈವರೆಗೆ ಯಾರೂ ಮಾಡಿಲ್ಲ!” ಎಂದು ಜೊಂಗ್‌ಪಿಲ್ ಹಿಗ್ಗಿದ.

ಮೇಲೆ ಯಂತ್ರ ಓಡುತ್ತಿರಲು, ಕೆಳಗೆ ಹಾಸಿಗೆಯ ಮೇಲಿಟ್ಟ ಮೀಟರಿನಲ್ಲಿ ನಲವತ್ತೆಂಟು ಬಂತು. ಜೊಂಗ್‌ಪಿಲ್ ಕ್ಯಾಮೆರಾದ ಮುಂದೆ ದಿನ, ಸಮಯ, ಮೀಟರಿನ ಸಂಖ್ಯೆ, ದೂರ, ಸಾಕ್ಷಿಗಳ ಹೆಸರು ಎಲ್ಲವನ್ನೂ ಒಪ್ಪಿಸಿದ. ಪ್ರಾಮಾಣಿಕತೆಯ ಉಬ್ಬರದಲ್ಲಿ, “ಹೋದ ಸಲ ಹೇಳಿದ್ದು ತಪ್ಪು. ನಾನು ದಿನಾ ರಾತ್ರಿ ಹತ್ತಕ್ಕೆ ಗುಡಿಸೋದು ಈ ಪೂರ್ತಿ ವೇಗದಲ್ಲೇ” ಎಂದೂ ಸೇರಿಸಿದ. ಇಬ್ಬರಿಗೂ ಬಾರ್ಲಿ ಚಹಾ ಕೊಟ್ಟು, ಸೊಂಟ ಬಗ್ಗಿಸಿ ವಂದಿಸಿ ಬೀಳ್ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊವನ್ನು ಇಪ್ಪತ್ತು ಸಾವಿರ ಜನ ನೋಡಿದ್ದರು. ‘ತಪ್ಪು ಒಪ್ಪಿಕೊಂಡ ಮೊದಲ ವಿಮರ್ಶಕ’ ಎಂದು ಯಾರೋ ಬರೆದಿದ್ದರು. ಜೊಂಗ್‌ಪಿಲ್ ಕನ್ನಡಿಯ ಮುಂದೆ ನಿಂತು ಎರಡು ಸಲ ತಲೆ ಬಾಚಿಕೊಂಡ.

ಸಂಜೆ ಆರಕ್ಕೆ ಅಧ್ಯಕ್ಷರು ಒಂದು ಕಾಗದ ಹಿಡಿದು ಬಂದರು.

“ಯಂಜು ಅಮ್ಮ ದೂರು ಕೊಟ್ಟಿದ್ದಾರೆ. ನಮ್ಮ ಕಟ್ಟಡದಲ್ಲಿ ಕೆಳಮನೆಗೆ ನಲವತ್ತರ ಮೇಲೆ ಸದ್ದು ಹೋಗಬಾರದು. ಇನ್ಮೇಲೆ ನೀವು ಪೊರಕೆ ಹಿಡೀಬೇಕು.”

“ಅದಕ್ಕೆ ಸಾಕ್ಷ್ಯ ಏನಿದೆ ಅಧ್ಯಕ್ಷರೇ?”

“ನಿಮ್ಮ ವಿಡಿಯೊ. ಹದಿನೈದು ವರ್ಷದಿಂದ ದೂರು ಕೇಳ್ತಿದೀನಿ, ಇಷ್ಟು ಚೊಕ್ಕ ಸಾಕ್ಷ್ಯ ಕಂಡಿಲ್ಲ.”

“ಅಳತೆ... ಅಳತೆ ತಪ್ಪಿರಬಹುದಲ್ವಾ?”

“ತಪ್ಪಿದ್ರೆ ಯಾರಾದ್ರೂ ತೋರಿಸ್ಲಿ. ತಿದ್ಕೊಳ್ಳೋಣ.”

ಅವರು ಮೆಟ್ಟಿಲಿಳಿಯುವ ಮೊದಲೇ ಜೊಂಗ್‌ಪಿಲ್ ಸುಳ್ಳು ಹೆಸರಿನಲ್ಲಿ ತನ್ನದೇ ವಿಡಿಯೊದ ಕೆಳಗೆ ಬರೆದ: ‘ಈ ಮನುಷ್ಯನಿಗೆ ಅಳೆಯೋಕೇ ಬರಲ್ಲ. ಆ ನಲವತ್ತೆಂಟು ಶುದ್ಧ ತಪ್ಪು.’

ಐದು ನಿಮಿಷದಲ್ಲಿ ಅಭಿಮಾನಿಗಳು ಜೇನುಹುಳದಂತೆ ಮುತ್ತಿದರು. ‘ಮುಚ್ಕೊಂಡು ಹೋಗೋ! ಮಾ ಸಾರ್ ಅಳತೆ ಕೂದಲೆಳೆಯಷ್ಟೂ ತಪ್ಪಲ್ಲ!’ ಅವನು ಹಲ್ಲು ಕಚ್ಚಿ ಇನ್ನೂ ನಾಲ್ಕು ಸಲ ಬೈದುಕೊಂಡ. ಕೊನೆಗೆ ಒಬ್ಬ ಪುಣ್ಯಾತ್ಮ ಆ ಸುಳ್ಳು ಹೆಸರಿನವನ ಪರವಾಗಿ ನಿಂತು, ಅಳತೆ ತಪ್ಪೇ ಎಂದು ಉದ್ದನೆಯ ಲೆಕ್ಕ ಬರೆದು ಹಾಕಿದ.

ಜೊಂಗ್‌ಪಿಲ್ ಅದನ್ನು ಓದಿ ಮುಗಿಸುವ ಮೊದಲೇ ಅಧ್ಯಕ್ಷರ ಫೋನ್ ಬಂತು.

“ಹಾರಿನ್ ಅಪ್ಪ, ನೀವು ಹೇಳಿದ್ದೇ ಸರಿ! ಅಳತೆ ತಪ್ಪಾಗಿದೆಯಂತೆ. ಮೀಟರನ್ನ ಹಾಸಿಗೆ ಮೇಲೆ ಇಟ್ಟಿದ್ವಲ್ಲ, ಹಾಸಿಗೆ ಸದ್ದು ನುಂಗಿದೆ. ಅದು ನಲವತ್ತೆಂಟಲ್ಲ, ಐವತ್ತೊಂದು. ಕಾಗದದಲ್ಲಿ ತಿದ್ದಿಬಿಟ್ಟಿದೀನಿ.”