ಕುಬೇರಪ್ಪ ಮಾಸ್ತರರು ನಿರ್ಧರಿಸಿದ್ದು

ಮಗಳಿಗೆ ಒಂದೇ ಒಂದು ಎಂಜಿನಿಯರಿಂಗ್ ಸೀಟು ಸಿಕ್ಕಿದ್ದರೆ ಶಲವಡಿಯ ಕುಬೇರಪ್ಪ ಮಾಸ್ತರರು ಊರಿಗೆಲ್ಲ ಪೇಡೆ ಹಂಚಿ ಆರಾಮಾಗಿ ಇರುತ್ತಿದ್ದರು. ಸಿಕ್ಕಿದ್ದು ಎರಡು. ಒಂದು ಹುಬ್ಬಳ್ಳಿಯ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಬೆಳಗಾವಿಯದರಲ್ಲಿ. ಎರಡೂ ಹೆಸರುವಾಸಿ, ಎರಡರಲ್ಲೂ ಅದೇ ಎಲೆಕ್ಟ್ರಾನಿಕ್ಸ್. ಯಾವುದು ಬೇಕೆಂದು ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒತ್ತದಿದ್ದರೆ ಎರಡೂ ಕೈಬಿಟ್ಟು ಹೋಗುತ್ತಿದ್ದವು.

ತೊಡಕು ವಿದ್ಯೆಯದಲ್ಲ, ನೆಂಟರದು. ಹುಬ್ಬಳ್ಳಿಯಲ್ಲಿ ಹೆಂಡತಿ ಶಿವಗಂಗವ್ವನ ತಮ್ಮನಿದ್ದ. ಬೆಳಗಾವಿಯಲ್ಲಿ ಮಾಸ್ತರರ ಅಕ್ಕ ದುಂಡವ್ವ ಇದ್ದಳು. ಎರಡೂ ಮನೆಯವರು ಮಾಸ್ತರರ ಮಗಳು ಅಮೃತಾಳಿಗೆಂದು ಕೋಣೆಗೆ ಬಣ್ಣ ಹೊಡೆಸಿದ್ದರು. ಎರಡೂ ಮನೆಯಲ್ಲಿ ಲಗ್ನಕ್ಕೆ ಬಂದ ಒಬ್ಬೊಬ್ಬ ಮಗನಿದ್ದ. ಹುಡುಗಿ ನಾಲ್ಕು ವರ್ಷ ಯಾವ ಮನೆಯಲ್ಲಿ ಉಂಡಳೋ ಆ ಮನೆಗೇ ಸೊಸೆಯೆಂದು ಊರು ಆಗಲೇ ತೀರ್ಮಾನಿಸಿತ್ತು.

ಮಾಸ್ತರರು ಶಾಲೆಯಲ್ಲಿ ಪ್ರತಿ ಸೋಮವಾರ 'ದಿಟ್ಟ ನಿರ್ಧಾರ' ಎಂಬ ವಿಷಯದ ಮೇಲೆ ಭಾಷಣ ಬಿಗಿಯುವವರು. ಮನೆಯಲ್ಲಿ ಬದನೆಕಾಯಿಯೋ ಹೀರೆಕಾಯಿಯೋ ಎಂದು ಕೇಳಿದರೆ ಮಾತ್ರ "ನಿನಗ ಹೆಂಗ ಅನಸತೈತಿ ಹಂಗ" ಅನ್ನುವ ಆಸಾಮಿ.

ಹತ್ತರ ಬಸ್ಸಿಗೆ ದುಂಡವ್ವ ಬಂದೇ ಇಳಿದಳು.

"ಕುಬೇರಾ, ಬೆಳಗಾವಿ ಅಂತ ಒತ್ತಿದಿಲ್ಲೋ?"

"ಮೊದಲ ಚಾ ಕುಡಿಬೇ ಅಕ್ಕ."

"ಚಾ ಕುಡಿಯಾಕ ಇಷ್ಟು ದೂರ ಬಂದೇನೇನು?"

ಅಡುಗೆಮನೆಯಿಂದ ಶಿವಗಂಗವ್ವ ಹೇಳಿದಳು: "ನಮ್ಮ ತಮ್ಮ ಕೋಣಿಗೆ ಹೊಸಾ ಫ್ಯಾನ್ ಹಾಕಿಸ್ಯಾನ್ರಿ, ಅಕ್ಕಾರ."

"ಬೆಳಗಾವ್ಯಾಗ ಫ್ಯಾನ್ ಬೇಕಾಗೂದ ಇಲ್ಲವಾ. ತಂಪ ಊರು!"

ಮಧ್ಯಾಹ್ನದ ತನಕ ಇದೇ ನಡೆಯಿತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ ಮಾಸ್ತರರು ಕೊನೆಗೆ ಕೈಮುಗಿದರು. "ನನ್ನ ಬುದ್ಧಿ ನಂಬಿದ್ರ ಹುಡುಗಿ ಬಾಳು ಹಾಳಾಗತೈತಿ. ಊಟಾ ಮುಗಿಸಿ ಬಸವಣ್ಣಗ ಹೂವು ಕೇಳೂಣು. ದೇವರು ಹೇಳಿದ್ದ ಖರೆ."

ಅಮೃತಾ ಏನೂ ವಾದಿಸಲಿಲ್ಲ. "ನಾ ಜಾಕೀರಣ್ಣನ ಆನ್‌ಲೈನ್ ಸೆಂಟರಿಗೆ ಹೊಂಟೇನಿ. ನಿಮ್ಮದು ಮುಗಿದ ಮ್ಯಾಲೆ ಬರ್ರಿ" ಎಂದು ಚಪ್ಪಲಿ ಮೆಟ್ಟಿದಳು.

ಗುಡಿಯಲ್ಲಿ ಪೂಜಾರಿ ಫಕೀರೇಶಯ್ಯ ಬಸವಣ್ಣನ ನೆತ್ತಿಯ ಮೇಲೆ ಹೂವಿಟ್ಟ. ಬಲಕ್ಕೆ ಬಿದ್ದರೆ ಹುಬ್ಬಳ್ಳಿ, ಎಡಕ್ಕೆ ಬಿದ್ದರೆ ಬೆಳಗಾವಿ.

"ನಮ್ಮೂರು ಯಾಕ ಎಡಕ್ಕ?" ಎಂದು ದುಂಡವ್ವ ಎದ್ದು ನಿಂತಳು. ಆಮೇಲೆ ಬಲ ಅಂದರೆ ದೇವರ ಬಲವೋ ಭಕ್ತರ ಬಲವೋ ಎಂಬ ಪ್ರಶ್ನೆ ಬಂತು. ಅದನ್ನು ಬಗೆಹರಿಸಲು ಒಂದು ತಾಸು ಹಿಡಿಯಿತು. ಹೂವು ಮಾತ್ರ ಅಲುಗಲಿಲ್ಲ. ಮೂರಾಯಿತು, ನಾಲ್ಕಾಯಿತು. ಮಾಸ್ತರರ ಅಂಗಿ ಬೆವರಿನಲ್ಲಿ ತೊಯ್ದಿತು.

ಫಕೀರೇಶಯ್ಯ ಅವರನ್ನು ಕಂಬದ ಹಿಂದೆ ಕರೆದ. "ಮಾಸ್ತರ, ಹೂವು ಬೀಳೂದಿಲ್ರಿ. ನೀವು ಊಟಕ್ಕ ಕೂತಾಗ ಅಕ್ಕಾರು ಬಂದು ಎಡಕ್ಕ ಬೀಳಂಗ ಇಡು ಅಂದ್ರು. ನೀವು ಕೈ ತೊಳಿಯೂದ್ರಾಗ ನಿಮ್ಮ ಮನಿಯವರು ಬಂದು ಬಲಕ್ಕ ಅಂದ್ರು. ನಾನೂ ಸಂಸಾರಸ್ಥ. ಗಂಧಾ ಮೆತ್ತಿ ನಟ್ಟನಡುವ ಗಟ್ಟಿ ಹಚ್ಚಿಬಿಟ್ಟೇನಿ."

ಬಯ್ಯಬೇಕೆಂದು ಬಾಯಿ ತೆರೆದ ಮಾಸ್ತರರಿಗೆ, ತಮ್ಮಂತೆಯೇ ಇಬ್ಬರ ನಡುವೆ ಸಿಕ್ಕ ಅವನಲ್ಲಿ ಸ್ವಂತ ತಮ್ಮನನ್ನೇ ಕಂಡಂತಾಯಿತು.

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಮಗಳ ವರ್ಷ ಮಣ್ಣುಪಾಲಾಗುತ್ತದೆ ಅನ್ನುವ ಭಯಕ್ಕೆ ಅವರಿಗೆ ಎಲ್ಲಿಲ್ಲದ ಧೈರ್ಯ ಬಂತು. "ನಡೀರಿ! ನಾನ ಒತ್ತತೇನಿ!" ಎಂದು ಗುಡಿಯೇ ಬೆಚ್ಚುವಂತೆ ಕೂಗಿ ಓಡಿದರು. ಯಾವುದನ್ನು ಒತ್ತಬೇಕೆಂಬುದು ಅವರಿಗೂ ತಿಳಿದಿರಲಿಲ್ಲ. ಹಿಂದೆ ಇಬ್ಬರು ಹೆಂಗಸರೂ ಸೆರಗು ಬಿಗಿದು ಓಡಿ ಬಂದರು.

ಸೆಂಟರಿನಲ್ಲಿ ಜಾಕೀರ್ ನಗುತ್ತ ಕುರ್ಚಿ ಸರಿಸಿದ. "ಏನ ಒತ್ತತೀರಿ ಸರ? ಮುಂಜಾನಿ ಎಂಟಕ್ಕನ ಆಗೇತೆಲ್ರಿ. ಹುಬ್ಬಳ್ಳಿ. ನಿಮ್ಮ ಫೋನಿಗೆ ಬಂದ ಓಟಿಪಿಲೇನ."

"ನೀವ ಓದಿ ಹೇಳಿದ್ರೆಲ್ಲ ಅಪ್ಪಾ, ಹಲ್ಲ ತಿಕ್ಕೂಮುಂದ?" ಎಂದಳು ಅಮೃತಾ.

"ಗ್ಯಾಸ್ ಸಿಲಿಂಡರಿಂದು ಅಂತ ತಿಳದಿದ್ನೆಲ್ಲವಾ!"

"ಎದರದು ಅಂತ ನೀವು ಕೇಳಲಿಲ್ಲ. ಎರಡೂ ಕಡೆ ಕಲಿಯೂ ಹುಡುಗ್ಯಾರನ್ನ ವಿಚಾರಿಸೇನಿ. ನನಗ ಬೇಕಾದ ಲ್ಯಾಬ್ ಹುಬ್ಬಳ್ಳ್ಯಾಗ ಛಲೋ ಐತಿ. ಹಾಸ್ಟೆಲಿಗೂ ಹೆಸರು ಹಚ್ಚೇನಿ. ಯಾರ ಮನ್ಯಾಗೂ ಇರೂದಿಲ್ಲ."

ಮಾಸ್ತರರ ಎದೆ ಹಗುರಾಯಿತು. ಸೀಟು ಉಳಿಯಿತು, ಮಗಳೂ ಎರಡು ಮನೆಯ ಕೈಯಿಂದ ಪಾರಾದಳು. ಖುಷಿಯಿಂದ ತಿರುಗಿದರೆ ಬಾಗಿಲಲ್ಲಿ ಹೆಂಡತಿ ಮತ್ತು ಅಕ್ಕ ಏದುಸಿರು ಬಿಡುತ್ತ ನಿಂತಿದ್ದರು.

"ಅಂದ್ರ ನಾ ಬರೂಕಿಂತ ಮೊದಲ ಎಲ್ಲಾ ಮುಗಿಸಿ, ಇಷ್ಟೊತ್ತು ದೇವರ ಮುಂದ ನಾಟಕಾ ಮಾಡಿದೇನೋ?" ಎಂದಳು ದುಂಡವ್ವ.

"ಹಾಸ್ಟೆಲ್ ಅಂತ! ನನ್ನ ತಮ್ಮನ ಮನಿ ಬ್ಯಾಡಾತೇನ್ರಿ ನಿಮಗ?" ಎಂದಳು ಶಿವಗಂಗವ್ವ.

"ಬಸವಣ್ಣನ ಆಣಿ, ನನಗೇನೂ ಗೊತ್ತಿಲ್ಲ! ಅಷ್ಟು ಬುದ್ಧಿ ಇದ್ದಿದ್ರ ನಾ ಹಿಂಗ್ಯಾಕ ಇರತಿದ್ದೆ?"

"ನೋಡ್ರಿ ಅಕ್ಕಾರ, ಹೆಂಗ ಮಳ್ಳನಂಗ ಮಾತಾಡತಾರ!"

"ಸಣ್ಣಾಂವ ಇದ್ದಾಗಿಂದ ಹಿಂಗ ಅದಾನವಾ. ಒಳಗ ಅಗದಿ ಕಿಲಾಡಿ."

ಇಪ್ಪತ್ತೆರಡು ವರ್ಷದಲ್ಲಿ ಸಾರಿನ ಉಪ್ಪಿನ ಬಗ್ಗೆಯೂ ಒಮ್ಮತಕ್ಕೆ ಬರದಿದ್ದ ಅತ್ತಿಗೆ-ನಾದಿನಿ ಕೈ ಕೈ ಹಿಡಿದು ಮನೆಯ ದಾರಿ ಹಿಡಿದರು. ಮಾಸ್ತರರು ಹಿಂದಿನಿಂದ ನಡೆದರು. ಬಸ್‌ಸ್ಟ್ಯಾಂಡ್ ಬಂದಾಗ ಮೆಲ್ಲಗೆ ಕೆಮ್ಮಿದರು. "ಅಕ್ಕಾ, ಆರರ ಬಸ್ಸು ಇನ್ನೂ ಹೋಗಿಲ್ಲ ನೋಡು."

"ಯಾವ ಬಸ್ಸು?" ದುಂಡವ್ವ ನಿಂತಳು. "ಶಿವಗಂಗಾ, ಇಂಥಾ ಕಳ್ಳನ್ನ ನೀ ಒಬ್ಬಾಕಿ ಹೆಂಗ ಸಂಭಾಳಸ್ತಿ? ದೀಪಾವಳಿ ತನಕಾ ನಾ ಇಲ್ಲೇ ಇರತೇನಿ."

"ಇರ್ರಿ ಅಕ್ಕಾರ," ಎಂದಳು ಶಿವಗಂಗವ್ವ, ಮನಸಾರೆ. "ನನಗೂ ಒಬ್ಬರ ಜೋಡಿ ಬೇಕಾಗಿತ್ತು."