ರಾಜಕುಮಾರಿಗೆ ಏನನ್ನಬೇಕು?

ನಮ್ಮ ಕಡೆ ಯಾರೂ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಮಾತು ಕಡಿಮೆ ಇದ್ದವನನ್ನಂತೂ ನಂಬುವುದೇ ಇಲ್ಲ. ಹೀಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

೧. ಹನ್ನೆರಡು ಕಂತು

ನಾನು ರಾಯಬಾಗದವನು. ನಿವೃತ್ತ ಬಸ್ ಕಂಡಕ್ಟರ್. ಚಿಕ್ಕೋಡಿಯ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತೇನೆ. ಹಳೆಯ ಕಾಲದ ರಾಜ್ಯ, ಒಬ್ಬ ಗೂಢಚಾರ, ಶತ್ರು ರಾಜನ ಮಗಳು, ಇಬ್ಬರಿಗೂ ಪ್ರೇಮ. ಸಂಪಾದಕರು ಕರೆಸಿದರು.

"ಹನ್ನೆರಡು ಕಂತ ಆತ್ರಿ. ನಿಮ್ಮ ನಾಯಕ ರಾಜಕುಮಾರಿ ಜೋಡಿ ನಾಲ್ಕ ಮಾತ ಆಡ್ಯಾನ. ಎರಡು 'ಹೂಂ', ಎರಡು 'ಮುಂದ ನಡೀರಿ'."

"ಗೂಢಚಾರ ಅದಾನ. ಮಾತಾಡಿದ್ರ ಸಿಕ್ಕೊಂಡ ಬೀಳ್ತಾನ."

"ಮುಂದಿನ ಕಂತಿನ್ಯಾಗ ಆಕಿ ಅವನ್ನ ಒಪ್ಪಬೇಕು. ಇಲ್ಲಂದ್ರ ಧಾರಾವಾಹಿ ಬಂದ್. ಆ ಜಾಗಾದಾಗ ಕಬ್ಬಿನ ರೋಗದ ಬಗ್ಗೆ ಹಾಕ್ತೀನಿ."

ನನ್ನ ರಾಜಕುಮಾರಿಯನ್ನು ಕಬ್ಬಿನ ಹುಳಕ್ಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆದರೆ ಹುಡುಗಿ ಒಪ್ಪಬೇಕಾದರೆ ಏನನ್ನಬೇಕು? ಕಂಡಕ್ಟರಿಗೆ ಅದನ್ನು ಕಲಿಸಿರಲಿಲ್ಲ.

೨. ನಿಪ್ಪಾಣಿಯ ಗೆಳೆಯ

ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರದ ಗೆಳೆಯನಿದ್ದಾನೆ. ಆ ಕಾಲಕ್ಕೇ ಪ್ರೇಮವಿವಾಹ. ಅವನನ್ನೇ ಕೇಳಿದೆ.

"ಅವತ್ತ ಹುಡುಗಿಗಿ ಏನಂದಿದ್ದಿ?"

ಅವನು ಅಡುಗೆಮನೆಯ ಕಡೆ ನೋಡಿದ. ದನಿ ಇಳಿಸಿದ. "ಯಾವ ಹುಡುಗಿಗಿ?"

ಒಳಗಿಂದ ಅವನ ಹೆಂಡತಿ ಹೇಳಿದಳು, "ನಂಗೂ ಅದ ಬೇಕಾಗೈತಿ."

ಚಹಾ ಬರುವ ಲಕ್ಷಣ ಇರಲಿಲ್ಲ. ಎದ್ದು ಬಂದೆ.

೩. ಕಾಗವಾಡದ ಚಹಾದಂಗಡಿ

ಕಾಗವಾಡದ ಒಂದು ಮನೆಗೆ ಮಿರಜ ಕಡೆಯವರು ಹುಡುಗಿ ನೋಡಲು ಬರುತ್ತಾರೆಂದು ಬಸ್ಸಿನಲ್ಲಿ ಕಿವಿಗೆ ಬಿತ್ತು. ಎದುರಿನ ಚಹಾದಂಗಡಿಯಲ್ಲಿ ಬರೆಯುವ ವಹಿ ಹಿಡಿದು ಕೂತೆ. ಹತ್ತು ನಿಮಿಷದಲ್ಲಿ ಹುಡುಗಿಯ ಕಾಕಾ ಬಂದ.

"ಹುಡುಗನ ಕಡಿಂದ ನಮ್ಮ ಹುಡುಗಿ ಹೆಂಗ ಅಂತ ಗುಟ್ಟಾಗಿ ಚೌಕಶಿಗೆ ಬಂದೀರಲ್ರಿ?"

"ಇಲ್ಲ."

"ಚೌಕಶಿಗೆ ಬಂದಾವ್ರು ಹಂಗ ಅಂತಾರ್ರಿ. ಒಳಗ ಬರ್ರಿ."

ಕೂಡಿಸಿದರು. ಉಪ್ಪಿಟ್ಟು ಕೊಟ್ಟರು. ತಮ್ಮ ತೋಟದ ದ್ರಾಕ್ಷಿಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟರು. ಅಷ್ಟರಲ್ಲಿ ಮಿರಜದವರು ಬಂದರು. ಹುಡುಗನ ಅಪ್ಪ ದ್ರಾಕ್ಷಿ ನೋಡಿದ, ನನ್ನನ್ನು ನೋಡಿದ.

"ನೀವು ಬ್ಯಾರೆ ವರನ ಕಡಿಯವ್ರೇನ್ರಿ?"

ನನ್ನ ಬಾಯಲ್ಲಿ ಉಪ್ಪಿಟ್ಟಿತ್ತು.

ಹುಡುಗಿ ಕೈತಪ್ಪುತ್ತಾಳೆಂದು ಅವರು ಗಾಬರಿಯಾಗಿ ಅಲ್ಲೇ ಹೂಂ ಅಂದರು. ಹುಡುಗ ಹುಡುಗಿ ಏನು ಮಾತಾಡುತ್ತಾರೆಂದು ಬರೆದುಕೊಳ್ಳಲು ಹೋಗಿದ್ದೆ. ಅವರಿಬ್ಬರೂ ಕಡೆಯವರೆಗೆ ನನ್ನನ್ನೇ ನೋಡುತ್ತಿದ್ದರು.

೪. ಎಮ್ಮೆ ವ್ಯಾಪಾರ

ಬೇರೆ ದಾರಿ ಉಳಿಯಲಿಲ್ಲ. ಹೆಂಡತಿಯನ್ನು ಕೇಳಿದೆ.

"ನಿನ್ನ ನೋಡಾಕ ಬಂದಾಗ ನಾ ಏನಂದೆ?"

"ನೀರ ಕೇಳಿದ್ರಿ. ತಂದಕೊಟ್ಟೆ. 'ಸಾಕು' ಅಂದ್ರಿ."

"ಅಷ್ಟಕ್ಕ ಒಪ್ಪಿದಿ?"

"ನಾ ಮೊದಲ ಒಪ್ಪಿದ್ದೆ. ಎಂಟ ದಿನ ಮುಂಚೆ ನಮ್ಮ ಸೋದರಮಾವ ನಿಮ್ಮನ್ನ ನೋಡಿ ಹೋಗಿದ್ದ. ಎಮ್ಮಿ ಕೊಳ್ಳಾಕ ಬಂದಾಂವನಂಗ."

ನೆನಪಾಯಿತು. ಅಥಣಿ ಕಡೆಯವನೆಂದು ಹೇಳಿಕೊಂಡಿದ್ದ. ಎಮ್ಮೆಯನ್ನು ಒಮ್ಮೆ ನೋಡಿದ. ನನ್ನನ್ನು ನಗಿಸಿ ಹಲ್ಲು ನೋಡಿದ. ಬಾವಿಯವರೆಗೆ ಎರಡು ಸಲ ನಡೆಸಿದ. ಕಡೆಗೆ ಎಮ್ಮೆ ಬೇಡವೆಂದು ಹೋದ. ನಲವತ್ತು ವರ್ಷ ಆ ಮನುಷ್ಯನ ಮೇಲೆ ನನಗೆ ಸಂಶಯವಿತ್ತು, ಎಮ್ಮೆ ಕಳ್ಳನಿರಬೇಕೆಂದು.

"ಮಾವ ಬಂದು ಏನ ಹೇಳಿದ?"

"'ಸಪ್ಪಳ ಇಲ್ಲ. ಹೇಳಿದ ಕಡೆ ನಡೀತೈತಿ. ಒದಿಯೂದಿಲ್ಲ' ಅಂದ."

ಅದನ್ನೇ ಬರೆದೆ. ರಾಜಕುಮಾರಿ ಮೊದಲೇ ತನ್ನ ಮಾವನನ್ನು ಕುದುರೆ ವ್ಯಾಪಾರಿಯ ವೇಷದಲ್ಲಿ ಕಳಿಸಿದ್ದಳು. ಅವನು ನಾಯಕನ ಹಲ್ಲು ನೋಡಿ ಹೋಗಿದ್ದ. ಅವಳು ಒಪ್ಪಿದ್ದಳು. ನಾಯಕ ನೀರು ಕೇಳಿದರೆ ಸಾಕಿತ್ತು.

ಸಂಪಾದಕರು ಫೋನ್ ಮಾಡಿದರು.

"ಓದಾವ್ರಿಗೆ ಭಾಳ ಸೇರೈತಿ. ಧಾರಾವಾಹಿ ನಡೀಲಿ. ಆದ್ರ ಒಂದ ಸಂಶೆ. ಕುದುರಿ ನೋಡಾಕ ಬಂದಾಂವ ತನ್ನ ಹಲ್ಲ ನೋಡಿದ್ರೂ ತಿಳೀಲಿಲ್ಲ ಅಂದ್ರ, ಅಂಥಾ ದಡ್ಡ ಗೂಢಚಾರ ಎಲ್ಲಿ ಇರ್ತಾನ್ರಿ?"

"ರಾಯಬಾಗದಾಗ" ಎಂದು ಫೋನ್ ಇಟ್ಟೆ.