ಗಾರೋವನ ಹಸಿಮಾಂಸ ಪ್ರಕರಣ

ಡೋನ್ಯಾ ಲಿಪಿತ್ಸಾ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಮಂಜೂರಾದ ಹುದ್ದೆಗಳು ಹನ್ನೊಂದು. ಈ ಪೈಕಿ ದಿನವೂ ವೇಳೆಗೆ ಸರಿಯಾಗಿ ಹಾಜರಿರುತ್ತಿದ್ದವನು ಗಾರೋವ್ ಒಬ್ಬನೇ. ಗಾರೋವ್ ನಾಯಿ, ಅವನ ಹುದ್ದೆಯ ಹೆಸರು 'ಕಾವಲು, ನಾಲ್ಕು ಕಾಲಿನ'. ಕಡತ ವಿಭಾಗದ ಗುಮಾಸ್ತನಾದ ನಾನು ಕೆಳಗೆ ಬರೆಯುವುದಕ್ಕೆಲ್ಲ ಮೊಹರು ಬಿದ್ದ ಕಾಗದವಿದೆ. ಮೊಹರು ಬೀಳದ ಸಂಗತಿ ನಡೆಯಿತೆಂದು ನಮ್ಮ ಸೆರ್ಬಿಯಾದಲ್ಲಿ ಯಾರೂ ಒಪ್ಪುವುದಿಲ್ಲ.

ಅಕ್ಟೋಬರ್ ಮೊದಲ ವಾರದಲ್ಲಿ ಜಿಲ್ಲೆಯಿಂದ ಒಂದು ಸುತ್ತೋಲೆ ಬಂತು. 'ಬೇಯಿಸಿದ ಆಹಾರವು ನಾಯಿಯ ಪೂರ್ವಜರ ಪದ್ಧತಿಗೆ ವಿರುದ್ಧವಾಗಿರುವುದು ಸರ್ಕಾರದ ಗಮನಕ್ಕೆ ಬಂದಿರುವುದರಿಂದ, ಎಲ್ಲಾ ಕಾವಲು ನಾಯಿಗಳನ್ನು ಇಪ್ಪತ್ತೊಂದು ದಿನಗಳೊಳಗೆ ಹಸಿಮಾಂಸಕ್ಕೆ ಪರಿವರ್ತಿಸತಕ್ಕದ್ದು.' ಸುತ್ತೋಲೆ ಬರುವುದಕ್ಕೆ ಎಂಟು ದಿನ ಮೊದಲು, ನಮ್ಮ ನಿರ್ದೇಶಕ ವುಕಾಶಿನ್ ಅವರ ಕೂಮ್ ನಾಯಿಗಳ ಹಸಿಮಾಂಸದ ಅಂಗಡಿ ತೆರೆದಿದ್ದರು. ಕೂಮ್ ಎಂದರೆ ಮದುವೆಗೆ ಸಾಕ್ಷಿ ನಿಂತವನು. ನಮ್ಮಲ್ಲಿ ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಅಂಗಡಿ ತೆರೆದದ್ದು ಅವರ ದೂರದೃಷ್ಟಿ ಎಂದು ನಿರ್ದೇಶಕರೇ ಸಭೆಯಲ್ಲಿ ಹೇಳಿದರು. ಸರಬರಾಜಿನ ಆದೇಶ ಅವರಿಗೇ ಹೋಯಿತು.

ಸುತ್ತೋಲೆಯ ನಾಲ್ಕನೇ ಕಲಮಿನ ಪ್ರಕಾರ ಬಟ್ಟಲನ್ನು ನಾಯಿಯ ಮುಂದಿಟ್ಟು ಹದಿನೈದು ನಿಮಿಷದ ನಂತರ ಎತ್ತಿಬಿಡಬೇಕು. ಐದನೇ ಕಲಮಿನ ಪ್ರಕಾರ ಆ ಹದಿನೈದು ನಿಮಿಷ ನಾಯಿಯನ್ನು ಯಾರೂ ಕರೆಯುವುದು, ರಮಿಸುವುದು, ಒತ್ತಾಯಿಸುವುದು ಕೂಡದು. ಎಂಟನೆಯದರಂತೆ ಕೊನೆಯ ಏಳು ದಿನ ಸತತವಾಗಿ ಬಟ್ಟಲು ಖಾಲಿಯಾಗಬೇಕು, ಅದನ್ನು ಜಿಲ್ಲೆಯ ತಪಾಸಣಾಧಿಕಾರಿ ಕಣ್ಣಾರೆ ಕಾಣಬೇಕು. ತಪ್ಪಿದರೆ ಒಂಬತ್ತನೇ ಕಲಂ: ನಾಯಿಯನ್ನು ಸೇವೆಯಿಂದ ತೆಗೆದು ಹೊಳೆಯಾಚೆಯ ಜಿಲ್ಲಾ ನಾಯಿದೊಡ್ಡಿಗೆ ಸಾಗಿಸತಕ್ಕದ್ದು.

ಗಾರೋವನನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಕಾವಲುಗಾರ ರಾದಿಸಾವ್. ಹೆಂಡತಿ ತೀರಿಕೊಂಡ ಮೇಲೆ ಅವನ ಮಾತು ಕೇಳುತ್ತಿದ್ದುದು ಆ ನಾಯಿಯೊಂದೇ.

"ಮಿಲೆಂಕೋ, ಆ ಒಂಬತ್ತನೇದನ್ನ ಇನ್ನೊಂದ್ಸಲ ಓದಪ್ಪ," ಎಂದ ನನಗೆ.

ಮೂರು ಸಲ ಓದಿದೆ. ಮೂರನೇ ಸಲಕ್ಕೂ ಅದು ಹಾಗೆಯೇ ಇತ್ತು. ಅವನು ಕಾಗದವನ್ನು ಇಸಿದುಕೊಂಡು ತಿರುಗಿಸಿ ನೋಡಿದ, ಹಿಂಬದಿಯಲ್ಲಿ ಏನೂ ಇರಲಿಲ್ಲ.

ಅವನ ಭಯಕ್ಕೆ ಕಾರಣವಿತ್ತು. ಗಾರೋವ್ ಊಟದ ವಿಷಯದಲ್ಲಿ ಬಲು ನಾಜೂಕಿನವನು. ನಮ್ಮ ಕಡೆ ಮೊದಲ ಸಲ ಕರೆದ ಕೂಡಲೇ ತಟ್ಟೆಗೆ ಕೈಹಾಕಿದವನನ್ನು, ಪಾಪ, ಮನೆಯಲ್ಲಿ ಉಪವಾಸ ಕೆಡವಿದ್ದಾರೆ ಎಂದುಕೊಳ್ಳುತ್ತಾರೆ. ಎರಡನೇ ಸಲ ಕರೆದಾಗ ಹೊಟ್ಟೆ ಸವರಿಕೊಂಡು ಜಾಗವಿಲ್ಲವೆನ್ನಬೇಕು. ಮೂರನೇ ಸಲಕ್ಕೆ, ಕರೆದವರಿಗೆ ಉಪಕಾರ ಮಾಡುವವನಂತೆ ಕೂರಬೇಕು. ಬಡಿಸಿದವರೂ ಜೊತೆಗೆ ಉಣ್ಣಬೇಕು. ಕಚೇರಿಯ ಅಡುಗೆಮನೆಯಲ್ಲಿ, ನಾವೆಲ್ಲ ಚಿಕ್ಕಮ್ಮ ಎನ್ನುವ ಅಡುಗೆಯ ದೆಸಾಂಕಾಳ ಕೈಯಲ್ಲಿ ಬೆಳೆದ ಗಾರೋವ್ ಇದನ್ನೆಲ್ಲ ಮನುಷ್ಯರಿಗಿಂತ ಚೆನ್ನಾಗಿ ಕಲಿತಿದ್ದ. ಮೊದಲ ಕರೆಗೆ ಮುಖ ತಿರುಗಿಸುತ್ತಿದ್ದ, ಎರಡನೆಯದಕ್ಕೆ ನಿಟ್ಟುಸಿರು ಬಿಡುತ್ತಿದ್ದ, ಮೂರನೆಯದಕ್ಕೆ ಉಣ್ಣುತ್ತಿದ್ದ.

ಮೊದಲ ದಿನ ನಿರ್ದೇಶಕರೇ ಗಡಿಯಾರ ಹಿಡಿದು ನಿಂತರು. ಗಾರೋವ್ ಮಾಂಸ ನೋಡಿದ, ನಮ್ಮನ್ನು ನೋಡಿದ, ಮುಖ ತಿರುಗಿಸಿ ಎರಡನೇ ಕರೆಗಾಗಿ ಕಾದ. ಮೊದಲನೆಯದನ್ನೇ ಯಾರೂ ಕರೆದಿರಲಿಲ್ಲ.

"ಕರೀದೆ ಯಾರು ಉಣ್ತಾರೆ?" ಎಂದಳು ದೆಸಾಂಕಾ.

"ಚಿಕ್ಕಮ್ಮಾ, ಕಲಂ ಐದು," ಎಂದರು ನಿರ್ದೇಶಕರು.

"ಅದನ್ನ ಬರೆದವನನ್ನ ಯಾರೂ ಊಟಕ್ಕೆ ಕರೆದಿಲ್ಲ ಬಿಡಿ. ಕರೆದಿದ್ರೆ ಹಿಂಗೆ ಬರೀತಿದ್ನಾ?"

ಮುಂದಿನ ಹದಿಮೂರು ದಿನವೂ ಬಟ್ಟಲು ಇಟ್ಟಂತೆಯೇ ಎದ್ದಿತು. ನಾಯಿ ಮಾತ್ರ ಸೊರಗಲಿಲ್ಲ. ದೆಸಾಂಕಾಳ ಕೈ ಜಾರಿ ಅಡುಗೆಮನೆಯ ನೆಲಕ್ಕೆ ಸಾರು ಬೀಳುವುದು ಆ ದಿನಗಳಲ್ಲಿ ಹೆಚ್ಚಿತ್ತು. ಅಪಘಾತಗಳ ಪುಸ್ತಕದಲ್ಲಿ ನಾನು ಇಪ್ಪತ್ತಾರು ಪ್ರಕರಣ ದಾಖಲಿಸಿದ್ದೇನೆ.

ಹದಿನೈದನೇ ದಿನ ಜಿಲ್ಲಾ ತಪಾಸಣಾ ಸಮಿತಿ ಬಂತು. ಸಮಿತಿಯಲ್ಲಿ ಸ್ವೆತೊಜಾರ್ ಪಾಂತಿಚ್ ಎಂಬ ಒಬ್ಬರೇ ಇದ್ದುದರಿಂದ ಅವರು ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾಗಿದ್ದರು. ಐವತ್ತು ದಾಟಿದ, ಮದುವೆಯಾಗದ, ಕಡ್ಡಿಯಂಥ ಆಸಾಮಿ. ಬಂದದ್ದು ಮಧ್ಯಾಹ್ನ. ದೆಸಾಂಕಾ ಅವರ ಮುಂದೆ ಶಾವಿಗೆ ಹಾಕಿದ ಕೋಳಿಸಾರು ಇಟ್ಟಳು.

"ಬೇಡಮ್ಮಾ, ಉಂಡು ಬಂದಿದೀನಿ. ನಾಯಿ ಯಾಕೆ ತಿಂತಿಲ್ಲ?"

"ಮನೆಯೋರು ಬಾಯಿಗಿಡದೇ ಇರೋದನ್ನ ಅವನೂ ಮುಟ್ಟಲ್ಲ ಸಾಹೇಬ್ರೇ," ಎಂದ ರಾದಿಸಾವ್, ಟೋಪಿಯನ್ನು ಕೈಯಲ್ಲಿ ಹಿಸುಕುತ್ತಾ.

ದೆಸಾಂಕಾ ತಡಮಾಡಲಿಲ್ಲ. ನಾಯಿಯ ಪಾಲಿನ ಮಾಂಸದಲ್ಲಿ ಅರ್ಧ ತೆಗೆದು ನುಣ್ಣಗೆ ಕೊಚ್ಚಿ, ಈರುಳ್ಳಿ, ಸಾಸಿವೆ, ಹಸಿ ಮೊಟ್ಟೆಯ ಹಳದಿ ಕಲಸಿ, ಸುಟ್ಟ ಬ್ರೆಡ್ಡಿನ ಜೊತೆ ಅಧ್ಯಕ್ಷರ ಮುಂದಿಟ್ಟಳು. ಮದುವೆ ಮನೆಗಳಲ್ಲಿ ನಾವು ಇದನ್ನೇ ಹಬ್ಬದಡುಗೆ ಎಂದು ತಿನ್ನುತ್ತೇವೆ.

"ಒಂದು ತುತ್ತು ತಗೊಳ್ಳಿ."

"ಬೇಡ."

"ನನ್ನಾಣೆ, ಒಂದೇ ತುತ್ತು."

"ಜಾಗ ಇಲ್ಲಮ್ಮಾ."

"ಹಂಗಾದ್ರೆ ನನ್ನ ಕೈಯಡುಗೆ ನಿಮಗೆ ಸೇರಲ್ಲ ಅನ್ನಿ."

ಪಾಂತಿಚ್ ಕೂತರು. ಅಧಿಕಾರಿಯನ್ನು ಒತ್ತಾಯಿಸಬಾರದೆಂದು ಯಾವ ಕಲಮಿನಲ್ಲೂ ಇಲ್ಲ. ಮೂರೂ ಕರೆಗಳನ್ನು ಪಕ್ಕದಲ್ಲೇ ಕೇಳಿಸಿಕೊಂಡ ಗಾರೋವ್ ತನ್ನ ಬಟ್ಟಲಿಗೆ ಬಾಯಿ ಹಾಕಿ ಖಾಲಿ ಮಾಡಿದ. ರಾದಿಸಾವ್ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ತಪಾಸಣೆಯ ಎರಡನೇ ದಿನ ಗಾರೋವ್ ಅರ್ಧ ಉಳಿಸಿದ, ಮೂರನೇ ದಿನ ಮುಕ್ಕಾಲು ಉಳಿಸಿದ. ಉಳಿದದ್ದನ್ನು ಅಧ್ಯಕ್ಷರ ತಟ್ಟೆಗೆ ಸೇರಿಸಿ ಬಟ್ಟಲು ಖಾಲಿ ಎಂದು ಬರೆಯಲಾಯಿತು, ಏಕೆಂದರೆ ಅದು ಖಾಲಿಯಾಗಿತ್ತು. ನಾಲ್ಕನೇ ದಿನ ಗಾರೋವ್ ತನ್ನ ಬಟ್ಟಲನ್ನು ಮೂತಿಯಿಂದ ಪಾಂತಿಚ್ ಅವರ ಕಾಲಬಳಿಗೆ ತಳ್ಳಿದ. ಅವರು ಬೇಡವೆಂದರು. ಮತ್ತೆ ತಳ್ಳಿದ. ಅವರು ಹೊಟ್ಟೆ ಸವರಿಕೊಂಡರು. ಮೂರನೇ ಸಲವೂ ತಳ್ಳಿ, ಅವರ ಮುಖವನ್ನೇ ನೋಡುತ್ತಾ ಕೂತ.

"ಮೂರು ಸಲ ಕರೆದ ಮೇಲೆ ಬೇಡ ಅಂದ್ರೆ ಮರ್ಯಾದೆ ಅಲ್ಲ," ಎಂದು ಪಾಂತಿಚ್ ನನ್ನ ಕಡೆ ತಿರುಗಿ ಹೇಳಿ, ಬಟ್ಟಲನ್ನು ಮೇಜಿನ ಮೇಲಿಟ್ಟುಕೊಂಡರು. ಗಾರೋವ್ ಪಕ್ಕದ ಕುರ್ಚಿ ಹತ್ತಿ, ದೆಸಾಂಕಾ ಅಂದೂ ಅವರಿಗೆಂದು ಬಡಿಸಿದ್ದ, ತಣ್ಣಗಾಗುತ್ತಿದ್ದ ಕೋಳಿಸಾರನ್ನು ಮುಗಿಸಿದ. ಮುಂದಿನ ಮೂರು ದಿನವೂ ಹೀಗೇ ನಡೆಯಿತು.

ಇಪ್ಪತ್ತೊಂದನೇ ದಿನ ನಮೂನೆ ತುಂಬುವಾಗ ನಾನು ಪೆನ್ನು ಹಿಡಿದು ಕೂತೆ. 'ಪರಿವರ್ತನೆಗೊಂಡವರ ಹೆಸರು' ಎಂಬ ಅಂಕಣವಿತ್ತು.

"ಸುಳ್ಳು ಬರೀಬೇಡಿ," ಎಂದರು ಪಾಂತಿಚ್ ಗಂಭೀರವಾಗಿ. "ನನ್ನ ಹೆಸರೇ ಬರೀರಿ."

"ದಿನಾ ತಿನ್ನಬೇಕಾಗುತ್ತೆ ಸಾಹೇಬ್ರೇ. ನಿಲ್ಲಿಸಿದ್ರೆ ಗಾರೋವನ್ನ ಕರ್ಕೊಂಡು ಹೋಗ್ತಾರೆ," ಎಂದ ರಾದಿಸಾವ್.

"ತಿಂತೀನಿ ಬಿಡಯ್ಯ. ಮನೇಲಿ ನನ್ನನ್ನ ಎರಡನೇ ಸಲ ಕರೆಯೋರು ಯಾರಿದಾರೆ?"

ವರದಿಗೆ ಮೊಹರು ಬಿತ್ತು. ಜಿಲ್ಲೆಯಲ್ಲಿ ಶೇಕಡಾ ನೂರು ಪರಿವರ್ತನೆ ಸಾಧಿಸಿದ ಏಕೈಕ ಕಚೇರಿ ನಮ್ಮದಾದ್ದರಿಂದ ಸುತ್ತೋಲೆಗೆ ತಿದ್ದುಪಡಿ ಬಂತು: 'ಪ್ರತಿ ಕಾವಲು ನಾಯಿಗೂ ಒಬ್ಬ ಸಹಭೋಜಕ ಅಧಿಕಾರಿಯನ್ನು ನೇಮಿಸತಕ್ಕದ್ದು.' ಪಾಂತಿಚ್ ಅವರನ್ನು ಕಾಯಂ ಆಗಿ ನಮ್ಮಲ್ಲಿಗೆ ವರ್ಗಾಯಿಸಲಾಯಿತು. ನಿರ್ದೇಶಕರ ಕೂಮ್ ತಮ್ಮ ಅಂಗಡಿಯ ಫಲಕದಿಂದ 'ನಾಯಿಗಳ' ಎಂಬ ಪದವನ್ನು ಅಳಿಸಿದರು. ಗಾರೋವ್ ಸೇವೆಯಲ್ಲೇ ಉಳಿದ. ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ರಾದಿಸಾವ್ ದಿನವಿಡೀ ಮಾತಾಡುತ್ತಾನೆ. ರಾದಿಸಾವನಷ್ಟು ಸುಖಿ ನಮ್ಮ ಕಚೇರಿಯಲ್ಲಿ ಇನ್ನೊಬ್ಬನಿಲ್ಲ.

ವಸಂತದಲ್ಲಿ ಹುಚ್ಚುನಾಯಿ ರೋಗದ ವಾರ್ಷಿಕ ಚುಚ್ಚುಮದ್ದಿಗೆ ಪಶುವೈದ್ಯರು ಬಂದರು. ಅವರ ಕೈಯಲ್ಲಿದ್ದ, ಹಸಿ ಆಹಾರಕ್ಕೆ ಪರಿವರ್ತನೆಗೊಂಡ ಕಾವಲು ಪ್ರಾಣಿಗಳ ಪಟ್ಟಿಯಲ್ಲಿ ನಮ್ಮ ಕಚೇರಿಯಿಂದ ಇದ್ದುದು ಒಂದೇ ಹೆಸರು. ವೈದ್ಯರು ಅದನ್ನು ಗಟ್ಟಿಯಾಗಿ ಕರೆದರು. ಪಾಂತಿಚ್ ಎದ್ದು ಕೋಟು ಬಿಚ್ಚಿದರು. ಬಲಗೈಯಿಂದ ಬರೆಯುವ ಕೆಲಸವಿದೆ, ಎಡಗೈಗೆ ಹಾಕಿ ಎಂದಷ್ಟೇ ಕೇಳಿಕೊಂಡರು. ವೈದ್ಯರು ಹಾಗೆಯೇ ಮಾಡಿದರು.